ಸೋತವರ ವೋಟು, ನನಗೆ ಬರಬೇಕಾದ ದೋಸೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅಮೆರಿಕದ ಚುನಾವಣಾ ಸಮೀಕ್ಷೆಗಳ ಬಗ್ಗೆ ಒಂದು ಲೇಖನ ಬಂದಿತ್ತು. 2024ರಲ್ಲಿ ಸಮೀಕ್ಷೆಯವರೆಲ್ಲ ಮಣ್ಣು ಮುಕ್ಕಿದರು, ಕಮಲಾ ಹ್ಯಾರಿಸ್‌ಗೆ ಎಷ್ಟು ವೋಟು ಬೀಳುತ್ತದೆ ಎಂದು ಒಬ್ಬರಿಗೂ ಗೊತ್ತಾಗಲಿಲ್ಲ ಎಂದು ಅದರಲ್ಲಿ ಬರೆದಿದ್ದರು. ಪಕ್ಕದ ಚೌಕದಲ್ಲಿ ಟ್ರಂಪ್ ಶೇ 51, ಹ್ಯಾರಿಸ್ ಶೇ 47.5 ಎಂದು ಅಂಕಿ ಹಾಕಿದ್ದಿರಿ. ಅಂಕಿಯೂ ತಪ್ಪು, ಮಾತೂ ತಪ್ಪು ಸ್ವಾಮಿ. ಎಣಿಕೆ ಪೂರ್ತಿ ಮುಗಿದಾಗ ಟ್ರಂಪ್‌ಗೆ ಬಂದದ್ದು ಶೇ 49.8, ಹ್ಯಾರಿಸ್‌ಗೆ ಶೇ 48.3. ನೀವು ಹಾಕಿದ್ದು 2024ರ ನವೆಂಬರ್ 6ರ ಅಂಕಿ. ಅದು ಅರ್ಧ ಬೆಂದ ಅನ್ನ. ಈ ತಪ್ಪಿನಿಂದ ನನಗೆ ಒಟ್ಟು ಐದು ಬೆಣ್ಣೆದೋಸೆ ನಷ್ಟವಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಸ್ವಾರ್ಥ ಮುಚ್ಚಿಟ್ಟು ಬರೆದ ಅನ್ನಬಾರದು.

ನಾನು ಬ್ಯಾಂಕಿನಲ್ಲಿ 34 ವರ್ಷ ಇದ್ದವನು. ಜಾಸ್ತಿ ಕಾಲ ಕ್ಯಾಶ್ ಕೌಂಟರಿನಲ್ಲೇ ಕಳೆದೆ. ಸಂಜೆ ಕ್ಯಾಶ್ ತಾಳೆ ಆಗದಿದ್ದರೆ ನಮಗೆ ಮನೆಗೆ ಹೋಗುವ ಹಾಗಿರಲಿಲ್ಲ. ಹತ್ತು ರೂಪಾಯಿ ಕಮ್ಮಿ ಬಂದರೂ ಎಲ್ಲ ಕಟ್ಟು ಬಿಚ್ಚಿ ಮತ್ತೆ ಎಣಿಸಬೇಕು. ಹಾಗಾಗಿ ಯಾವ ಪಟ್ಟಿ ಕಂಡರೂ ಮೊದಲು ಕೂಡಿ ನೋಡುವುದು ನನ್ನ ಚಾಳಿ. ಮದುವೆ ಕಾರ್ಡಿನ ಹಿಂದೆ ಬರೆದ ಅಡುಗೆ ಸಾಮಾನಿನ ಲೆಕ್ಕವನ್ನೂ ಬಿಟ್ಟಿಲ್ಲ ಎಂದು ಮನೆಯವರು ಬೈಯುತ್ತಾರೆ.

ದಾವಣಗೆರೆಯ ಕುಂದುವಾಡ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಹೋಗುವ ಐದು ಜನರ ಗುಂಪು ನಮ್ಮದು. ಒಬ್ಬರು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು, ಒಬ್ಬರು ಮೆಡಿಕಲ್ ಶಾಪಿನವರು, ಒಬ್ಬರು ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿ ಮೇಲೆ ಬಂದವರು, ಒಬ್ಬರು ಕಾಟನ್ ಮಿಲ್ಲು ಮುಚ್ಚುವವರೆಗೂ ಅಲ್ಲೇ ದುಡಿದವರು, ಐದನೆಯವನು ನಾನು. 2024ರ ಬಲಿಪಾಡ್ಯಮಿಯ ಮಾರನೇ ದಿನ, ನವೆಂಬರ್ 3, ಭಾನುವಾರ. ಹಬ್ಬದ ಹೋಳಿಗೆ ಇನ್ನೂ ಹೊಟ್ಟೆಯಲ್ಲಿತ್ತು, ಯಾರಿಗೂ ನಡೆಯುವ ಮನಸ್ಸಿರಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತು ಅಮೆರಿಕದ ಮಾತು ಶುರುವಾಯಿತು. ಯಾರು ಗೆಲ್ಲುತ್ತಾರೆ ಅಂತ ಬೇಡ, ಅದನ್ನು ಎಲ್ಲರೂ ಹೇಳುತ್ತಾರೆ, ಹ್ಯಾರಿಸ್‌ಗೆ ನೂರಕ್ಕೆ ಎಷ್ಟು ವೋಟು ಬೀಳುತ್ತದೆ ಹೇಳಿ ನೋಡೋಣ ಎಂದು ನಾನೇ ಕೆಣಕಿದೆ. ಮೆಡಿಕಲ್ ಶಾಪಿನವರು ಜೇಬಿನಿಂದ ಖಾಲಿ ಮಾತ್ರೆ ಡಬ್ಬಿ ತೆಗೆದರು. ಐದು ಚೀಟಿ ಬರೆದು ಅದರಲ್ಲಿ ಹಾಕಿ ಮುಚ್ಚಳ ಹಾಕಿದೆವು. ಹತ್ತಿರ ಬಂದವರಿಗೆ ಉಳಿದ ನಾಲ್ವರು ಒಬ್ಬೊಬ್ಬರಾಗಿ ನಾಲ್ಕು ದಿನ ಬೆಣ್ಣೆದೋಸೆ ಕೊಡಿಸಬೇಕು. ಪೇಪರಿನಲ್ಲಿ ಬಂದ ಅಂಕಿಯೇ ಅಂತಿಮ. ಈ ಕೊನೆಯ ಷರತ್ತು ಸೇರಿಸಿದವನೂ ನಾನೇ. ಹಣೆಬರಹ!

ಚೀಟಿಯಲ್ಲಿ ಏನಿತ್ತು ಅಂತ ಈಗ ಹೇಳಬಹುದು. ಮೇಷ್ಟ್ರು 51 ಬರೆದಿದ್ದರು. ಅವತ್ತೇ ಬೆಳಗ್ಗೆ ಅಯೋವಾ ರಾಜ್ಯದ ಒಂದು ಸಮೀಕ್ಷೆ ಬಂದಿತ್ತು. ಆನ್ ಸೆಲ್ಜರ್ ಮಾಡಿದ್ದು, ಅಲ್ಲಿ ಬಹಳ ಹೆಸರಿದ್ದ ಹೆಂಗಸು. ಟ್ರಂಪ್ ಕೋಟೆ ಅನ್ನಿಸಿಕೊಂಡ ರಾಜ್ಯದಲ್ಲಿ ಹ್ಯಾರಿಸ್ 47, ಟ್ರಂಪ್ 44 ಎಂದಿದ್ದರು. ಮೇಷ್ಟ್ರು ಅದನ್ನು ಮೊಬೈಲಿನಲ್ಲಿ ಓದಿ ಹುರುಪಾಗಿದ್ದರು. ಎರಡು ದಿನದ ನಂತರ ಅದೇ ಅಯೋವಾದಲ್ಲಿ ಟ್ರಂಪ್ 13 ಶೇಕಡಾ ಅಂಶಗಳಿಂದ ಗೆದ್ದರು. ಮೆಡಿಕಲ್ ಶಾಪಿನವರು 44 ಬರೆದಿದ್ದರು. ಬೈಡನ್ ಕೆಡಿಸಿಟ್ಟ ಸಂಸಾರವನ್ನು ಯಾರು ಬಂದರೂ ಸರಿ ಮಾಡಕ್ಕಾಗಲ್ಲ ಅನ್ನುವುದು ಅವರ ವಾದ. ಕೆಇಬಿಯವರದು 49.5. ಅವರ ಮಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾನೆ, ಅಲ್ಲಿನ ಗಾಳಿ ಇಲ್ಲಿಗೂ ಬೀಸಿತ್ತು. ನಾನು 48.5 ಬರೆದೆ. ಮಿಲ್ಲಿನವರು ಒಂದು ಸಮೀಕ್ಷೆಯನ್ನೂ ಓದಿದವರಲ್ಲ, ಸುಮ್ನೆ 47 ಅಂತ ಬರೆದು, "ಎಂಥಾ ಸೋಲೋ ಪಾರ್ಟಿಗೂ ಅವರ ಮನೆಯೋರ ವೋಟು ಇದ್ದೇ ಇರ್ತೈತ್ರೀ" ಅಂದರು.

ಈ ಮಾತನ್ನು ನಾನು ಅವತ್ತು ನಕ್ಕು ಬಿಟ್ಟಿದ್ದೆ. ಆಮೇಲೆ ಕೂತು ಹಳೆಯ ಅಂಕಿ ತೆಗೆದು ನೋಡಿದೆ. ನಗು ನಿಂತಿತು.

ಜನರ ವೋಟಿನ ಲೆಕ್ಕದಲ್ಲಿ ಎರಡನೇ ಸ್ಥಾನಕ್ಕೆ ನಿಂತವರನ್ನೇ ನೋಡಿ. 2000ದಲ್ಲಿ ಜಾರ್ಜ್ ಬುಷ್ ಶೇ 47.9. 2004ರಲ್ಲಿ ಜಾನ್ ಕೆರಿ 48.3. 2008ರಲ್ಲಿ ಮೆಕೇನ್ 45.7. 2012ರಲ್ಲಿ ರಾಮ್ನಿ 47.2. 2016ರಲ್ಲಿ ಟ್ರಂಪ್ 46.1, 2020ರಲ್ಲಿ ಮತ್ತೆ ಟ್ರಂಪ್ 46.8, 2024ರಲ್ಲಿ ಹ್ಯಾರಿಸ್ 48.3. (ಬುಷ್ ಮತ್ತು 2016ರ ಟ್ರಂಪ್ ಕಮ್ಮಿ ವೋಟು ಪಡೆದೂ ಅಧ್ಯಕ್ಷರಾದರು, ಆ ಕಥೆ ಬೇರೆ.) ಏಳು ಚುನಾವಣೆಗೂ ಕಣ್ಣು ಮುಚ್ಚಿ 47 ಎಂದು ಬರೆದಿದ್ದರೆ ಒಂದು ಸಲವೂ ಒಂದೂವರೆ ಅಂಶದಷ್ಟು ತಪ್ಪುತ್ತಿರಲಿಲ್ಲ! 2008ರಲ್ಲಿ ಬ್ಯಾಂಕುಗಳು ಮುಳುಗಿ ಜಗತ್ತೇ ನಡುಗುತ್ತಿದ್ದಾಗ, ಎಂಟು ವರ್ಷ ಆಳಿದ ಪಕ್ಷದಿಂದ ನಿಂತ ಮೆಕೇನ್ ಕೂಡ 45ರ ಕೆಳಗೆ ಇಳಿಯಲಿಲ್ಲ. ದೊಡ್ಡ ದೊಡ್ಡ ಕಂಪ್ಯೂಟರ್ ಇಟ್ಟುಕೊಂಡವರು ಕೂಡ ಇದಕ್ಕಿಂತ ತುಂಬಾ ಚೆನ್ನಾಗಿ ಮಾಡಿಲ್ಲ.

ಮೊದಲು ಹೀಗಿರಲಿಲ್ಲ. 1936ರಲ್ಲಿ ರೂಸ್‌ವೆಲ್ಟ್ ಎದುರು ಲ್ಯಾಂಡನ್ ಶೇ 36.5ಕ್ಕೆ ಬಿದ್ದರು. 1964ರಲ್ಲಿ ಗೋಲ್ಡ್‌ವಾಟರ್ 38.5, 1972ರಲ್ಲಿ ಮೆಕ್‌ಗವರ್ನ್ 37.5, 1984ರಲ್ಲಿ ಮಾಂಡೇಲ್ 40.6. ಹಿರಿಯ ಬುಷ್ ಅವರದು ಇನ್ನೂ ಮಜಾ. 1991ರ ಮಾರ್ಚಿನಲ್ಲಿ ಕೊಲ್ಲಿ ಯುದ್ಧ ಗೆದ್ದಾಗ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 89 ಜನ ಭೇಷ್ ಅಂದಿದ್ದರು. ಮಾರನೇ ವರ್ಷದ ನವೆಂಬರ್‌ನಲ್ಲಿ ವೋಟು ಬಿದ್ದದ್ದು ಶೇ 37.4. ಆಗ ಜನ ಅಧ್ಯಕ್ಷ ಸ್ಥಾನಕ್ಕೆ ಒಂದು ಪಕ್ಷ, ಸಂಸತ್ತಿಗೆ ಇನ್ನೊಂದು ಪಕ್ಷ ಅಂತ ಧಾರಾಳವಾಗಿ ಹಂಚಿ ಹಾಕುತ್ತಿದ್ದರು. ಮೆಕ್‌ಗವರ್ನ್ 50ರಲ್ಲಿ 49 ರಾಜ್ಯ ಸೋತ ವರ್ಷವೇ ಅವರ ಡೆಮಾಕ್ರಟಿಕ್ ಪಕ್ಷ ಸಂಸತ್ತಿನ ಎರಡೂ ಸದನ ಉಳಿಸಿಕೊಂಡಿತ್ತು. ಅಂದರೆ ಪಕ್ಷದ ಮೇಲೆ ಸಿಟ್ಟಿರಲಿಲ್ಲ, ಆ ಮನುಷ್ಯನನ್ನು ಒಪ್ಪಲಿಲ್ಲ ಅಷ್ಟೆ. ಈಗ ಹಾಗಲ್ಲ. ಅಭ್ಯರ್ಥಿ ಇಷ್ಟ ಇಲ್ಲದಿದ್ದರೂ ಎದುರಿನವರು ಬರಬಾರದು ಅಂತ ಹಲ್ಲು ಕಚ್ಚಿ ಹಾಕುತ್ತಾರೆ. ಹಾಗಾಗಿ ಎಷ್ಟೇ ತಿಣುಕುವ ಅಭ್ಯರ್ಥಿಯಾದರೂ ಕಾಲ ಕೆಳಗೆ ಒಂದು ಗಟ್ಟಿ ನೆಲ ಇದೆ. ಮಿಲ್ಲಿನವರು ಹೇಳಿದ ಮನೆಯೋರ ವೋಟು ಇದೇ.

ಹಾಗಾದರೆ ಮೆಡಿಕಲ್ ಶಾಪಿನವರು 44 ಅಂದದ್ದು ಎಲ್ಲಿಂದ? ಅವರು ಜುಲೈ ತಿಂಗಳಿನ ಅಂಕಿ ನೆನಪಿಟ್ಟುಕೊಂಡಿದ್ದರು. 2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ಟ್ರಂಪ್ ಎದುರು ಚರ್ಚೆಗೆ ನಿಂತ ಬೈಡನ್ ತಡವರಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಆಮೇಲೆ ಬೈಡನ್ ಪಾಲು ನಲವತ್ತರ ಆಸುಪಾಸಿನಲ್ಲಿ ಒದ್ದಾಡುತ್ತಿತ್ತು. ರಾಬರ್ಟ್ ಕೆನೆಡಿ ಜೂನಿಯರ್ ಪಕ್ಷೇತರರಾಗಿ ನಿಂತು ಒಂದು ತುಂಡು ಕಿತ್ತುಕೊಂಡಿದ್ದರು. ಜುಲೈ 21ಕ್ಕೆ ಬೈಡನ್ ಹಿಂದೆ ಸರಿದರು, ಹ್ಯಾರಿಸ್ ಬಂದರು. ಒಂದೂವರೆ ತಿಂಗಳಲ್ಲಿ ಅದೇ ಪಕ್ಷದ ಪಾಲು 47, 48ಕ್ಕೆ ಏರಿತು. ಏನು, ಅಮೆರಿಕದವರು ಅಷ್ಟು ಬೇಗ ಮನಸ್ಸು ಬದಲಿಸಿದರೇ? ಇಲ್ಲ. ಆ ಏಳೆಂಟು ಅಂಶ ಎದುರು ಪಕ್ಷಕ್ಕೆ ಹೋಗಿಯೇ ಇರಲಿಲ್ಲ. ಮುನಿಸಿಕೊಂಡು ಹೊರಗೆ ಜಗಲಿ ಮೇಲೆ ಕೂತಿತ್ತು. ಊಟಕ್ಕೆ ಎಲೆ ಹಾಕಿದ ಮೇಲೆ ಒಳಗೆ ಬಂತು.

ಇದು ಹಳೆಯ ಕಥೆಯೇ. 1968ರ ಸೆಪ್ಟೆಂಬರ್ ಕೊನೆಯಲ್ಲಿ ಗ್ಯಾಲಪ್‌ನವರ ಲೆಕ್ಕ ನಿಕ್ಸನ್ 43, ಹ್ಯೂಬರ್ಟ್ ಹಂಫ್ರಿ 28, ಮೂರನೆಯ ಅಭ್ಯರ್ಥಿ ಜಾರ್ಜ್ ವಾಲೇಸ್ 21. ವಿಯೆಟ್ನಾಂ ಯುದ್ಧದ ಸಿಟ್ಟು, ಷಿಕಾಗೋದ ಪಕ್ಷದ ಸಮಾವೇಶದಲ್ಲಿ ಬೀದಿ ಹೊಡೆದಾಟ, ಹಂಫ್ರಿ ಕಥೆ ಮುಗಿಯಿತು ಎಂದು ಎಲ್ಲರೂ ಕೈ ಚೆಲ್ಲಿದ್ದರು. ನವೆಂಬರ್‌ನಲ್ಲಿ ಎಣಿಸಿದಾಗ ನಿಕ್ಸನ್ 43.4, ಹಂಫ್ರಿ 42.7. ನಿಕ್ಸನ್ ಇದ್ದಲ್ಲೇ ಇದ್ದರು, ಹಂಫ್ರಿಗೆ ಆರು ವಾರದಲ್ಲಿ ಸುಮಾರು 15 ಅಂಶ ಬಂತು. 1976ರಲ್ಲಿ ಜೆರಾಲ್ಡ್ ಫೋರ್ಡ್ ಬೇಸಿಗೆಯಲ್ಲಿ ಕಾರ್ಟರ್‌ಗಿಂತ 33 ಅಂಶ ಹಿಂದಿದ್ದರು, 62ಕ್ಕೆ 29. ಕೊನೆಗೆ 50.1ಕ್ಕೆ 48.0. ಜುಲೈ ತಿಂಗಳಲ್ಲಿ ಫೋರ್ಡ್‌ಗೆ 48 ಬರುತ್ತದೆ ಎಂದು ಯಾರಾದರೂ ಬರೆದಿದ್ದರೆ ಹುಚ್ಚ ಅನ್ನುತ್ತಿದ್ದರು.

ಆದರೆ ಇದನ್ನೇ ಹಿಡಿದುಕೊಂಡು, ಕಷ್ಟದಲ್ಲಿರುವವರು ಕೊನೆಗೆ ಮೇಲೆ ಬಂದೇ ಬರುತ್ತಾರೆ ಎಂದು ಬರೆದರೆ ಅದೂ ಕೈ ಕೊಡುತ್ತದೆ. 1980ರಲ್ಲಿ ಅಧ್ಯಕ್ಷರಾಗಿದ್ದುಕೊಂಡೇ ಮತ್ತೆ ನಿಂತ ಕಾರ್ಟರ್ ನೋಡಿ. ಗ್ಯಾಲಪ್‌ನ ಕೊನೆಯ ಸಮೀಕ್ಷೆಯಲ್ಲಿ ರೇಗನ್ 47, ಕಾರ್ಟರ್ 44, ಪಕ್ಷೇತರ ಜಾನ್ ಆಂಡರ್ಸನ್ 8. ಮತದಾನ ನವೆಂಬರ್ 4. ಟೆಹರಾನಿನಲ್ಲಿ ಅಮೆರಿಕದವರನ್ನು ಒತ್ತೆ ಇಟ್ಟು ಅವತ್ತಿಗೆ ಸರಿಯಾಗಿ ಒಂದು ವರ್ಷ. ಫಲಿತಾಂಶ ರೇಗನ್ 50.7, ಕಾರ್ಟರ್ 41.0, ಆಂಡರ್ಸನ್ 6.6. ಕಾರ್ಟರ್‌ಗೆ ಕೊನೇ ದಿನಗಳಲ್ಲಿ ಒಂದು ಅಂಶವೂ ಬರಲಿಲ್ಲ, ಇದ್ದದ್ದೇ ಮೂರು ಹೋಯಿತು.

ನನ್ನ ಅರ್ಥ ಇಷ್ಟು. ಬೇಸಿಗೆಯಲ್ಲಿ ತಿಣುಕುವ ಅಭ್ಯರ್ಥಿಯ ಅಂಕಿ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ, ಯಾಕೆಂದರೆ ಮನೆಯವರೇ ಮುನಿಸಿಕೊಂಡಿರುತ್ತಾರೆ. ಕೊನೆಯ ವಾರದ ಹೊತ್ತಿಗೆ ಬರುವವರೆಲ್ಲ ಬಂದಿರುತ್ತಾರೆ. ಆಗಲೂ "ಇನ್ನೂ ಯೋಚನೆ ಮಾಡ್ತಿದ್ದೀನಿ" ಅನ್ನುವವನು ಅಧಿಕಾರದಲ್ಲಿ ಇರುವ ಪಕ್ಷದ ಬಗ್ಗೆ ಯೋಚನೆ ಮಾಡುವುದಕ್ಕೆ ನಾಲ್ಕು ವರ್ಷ ಇತ್ತಲ್ವಾ? ಒಪ್ಪಿಗೆ ಇದ್ದಿದ್ದರೆ ಆಗಲೇ ಹೇಳುತ್ತಿದ್ದ. ಹಾಗಾಗಿ ಅಧಿಕಾರದಲ್ಲಿರುವ ಪಕ್ಷದವರಿಗೆ ಕೊನೇ ವಾರ ಎಷ್ಟು ತೋರಿಸುತ್ತದೋ ಹೆಚ್ಚುಕಮ್ಮಿ ಅಷ್ಟೇ. ಎಲ್ಲ ಸಲವೂ ಅಲ್ಲ. ಆಗ ಅಧ್ಯಕ್ಷರಾಗಿದ್ದ ಟ್ರೂಮನ್ 1948ರಲ್ಲಿ ಗ್ಯಾಲಪ್ ಕೊಟ್ಟ 44.5 ದಾಟಿ 49.6ಕ್ಕೆ ಹೋಗಿ ಗೆದ್ದುಬಿಟ್ಟರು. ಆದರೆ ಆಗ ಗ್ಯಾಲಪ್‌ನವರು ಕೇಳುವುದನ್ನು ಬೇಗ ನಿಲ್ಲಿಸಿದ್ದರು, ರೋಪರ್ ಅನ್ನುವವರಂತೂ ಸೆಪ್ಟೆಂಬರ್‌ನಲ್ಲೇ ಅಂಗಡಿ ಮುಚ್ಚಿದ್ದರು.

ಈಗ ನನ್ನ ಚೀಟಿಯ ಲೆಕ್ಕಕ್ಕೆ ಬರುತ್ತೇನೆ. ಇದು ಕ್ಯಾಶಿಯರ್ ಬುದ್ಧಿ, ಬೇರೇನೂ ಇಲ್ಲ.

ಫೈವ್‌ಥರ್ಟಿಎಯ್ಟ್ ಎಂಬ ತಾಣದವರು ಎಲ್ಲ ಸಮೀಕ್ಷೆ ಸೇರಿಸಿ ಸರಾಸರಿ ತೆಗೆಯುತ್ತಿದ್ದರು. ಲೆಕ್ಕ ತೋರಿಸಲು ಅವರ ಕೊನೆಯ ಅಂಕಿಯನ್ನೇ ಹಿಡಿಯುತ್ತೇನೆ, ಅದು ಚೀಟಿ ಬರೆದ ಮೇಲೆ ಬಂದದ್ದು: ಹ್ಯಾರಿಸ್ 48.0, ಟ್ರಂಪ್ 46.8. ಕೂಡಿ. 94.8. ಉಳಿದ 5.2 ಎಲ್ಲಿ? ಬ್ಯಾಂಕಿನಲ್ಲಿ ಲೆಕ್ಕಕ್ಕೆ ಸಿಗದ ಹಣವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಅದು ಅಲ್ಲೇ ಇರುವ ಹಾಗಿಲ್ಲ, ಇವತ್ತಲ್ಲ ನಾಳೆ ಯಾರ ಖಾತೆಗಾದರೂ ಹೋಗಲೇಬೇಕು. ಇಲ್ಲಿ ಸಸ್ಪೆನ್ಸ್‌ನಲ್ಲಿ ಕೂತಿರುವವರು ಇನ್ನೂ ನಿರ್ಧರಿಸದವರು ಮತ್ತು ಚಿಲ್ಲರೆ ಅಭ್ಯರ್ಥಿಗಳ ಕಡೆಯವರು. ಚಿಲ್ಲರೆಯವರು ಯಾವಾಗಲೂ ಸಮೀಕ್ಷೆಯಲ್ಲಿ ಉಬ್ಬಿ, ಪೆಟ್ಟಿಗೆಯಲ್ಲಿ ಬತ್ತುತ್ತಾರೆ. ಆಂಡರ್ಸನ್ 1980ರ ಬೇಸಿಗೆಯಲ್ಲಿ 20 ದಾಟಿದ್ದರು, ಬಂದದ್ದು 6.6. 1992ರ ಜೂನ್‌ನಲ್ಲಿ ರಾಸ್ ಪೆರೋ ಗ್ಯಾಲಪ್‌ನಲ್ಲಿ 39 ಪಡೆದು ಇಬ್ಬರಿಗಿಂತಲೂ ಮುಂದಿದ್ದರು, ನಡುವೆ ಬಿಟ್ಟುಹೋಗಿ ವಾಪಸ್ ಬಂದು 18.9ಕ್ಕೆ ನಿಂತರು. ಕೆನೆಡಿ ಜೂನಿಯರ್ ಆಗಸ್ಟ್‌ನಲ್ಲಿ ಕಣದಿಂದ ಸರಿದು ಟ್ರಂಪ್ ಜೊತೆ ಸೇರಿಕೊಂಡರು, ಕೆಲವು ರಾಜ್ಯಗಳಲ್ಲಿ ಹೆಸರು ಮಾತ್ರ ಉಳಿದಿತ್ತು (ಆಮೇಲೆ ಅದಕ್ಕೆ ಅರ್ಧ ಶೇಕಡಾದಷ್ಟು ಬಿತ್ತು). ಹಾಗಾಗಿ ಚಿಲ್ಲರೆಗೆ 2 ಎತ್ತಿಟ್ಟೆ. ಉಳಿದ 3.2 ಅಂಶದಲ್ಲಿ ಹ್ಯಾರಿಸ್‌ಗೆ ಬಹಳ ಕಮ್ಮಿ ಕೊಟ್ಟೆ. ಯಾಕೆ ಅಂದರೆ ಅವರು ಆಗ ಉಪಾಧ್ಯಕ್ಷೆ, ಆಳುವ ಪಕ್ಷ. 2022ರ ಜೂನ್‌ನಲ್ಲಿ ಶೇ 9.1ಕ್ಕೆ ಏರಿದ್ದ ಬೆಲೆ ಏರಿಕೆ ಆಮೇಲೆ ಇಳಿದರೂ ಮೊಟ್ಟೆ, ಹಾಲಿನ ರೇಟು ವಾಪಸ್ ಬಂದಿರಲಿಲ್ಲ, ಆ ಸಿಟ್ಟು ಜನರಲ್ಲಿತ್ತು. ಇನ್ನೊಂದು ತಾಣ, ರಿಯಲ್ ಕ್ಲಿಯರ್ ಪಾಲಿಟಿಕ್ಸ್, ಕೊನೆಗೆ ಹ್ಯಾರಿಸ್‌ಗೆ 48.7 ಕೊಟ್ಟಿತ್ತು. ಚೀಟಿ ಬರೆಯುವಾಗ ಎರಡು ತಾಣದ ಅವತ್ತಿನ ಅಂಕಿಯ ನಡುವೆ ಹಿಡಿದು ಸ್ವಲ್ಪ ಸೇರಿಸಿ 48.5 ಅಂತ ಬರೆದೆ. ಅದೃಷ್ಟವೂ ಇತ್ತು, ಇಲ್ಲ ಅನ್ನುವುದಿಲ್ಲ.

ಫಲಿತಾಂಶ ತಾಳೆ ನೋಡಿ. ಹ್ಯಾರಿಸ್ 48.3, ಟ್ರಂಪ್ 49.8, ಚಿಲ್ಲರೆ 1.9. ಸಸ್ಪೆನ್ಸ್‌ನಲ್ಲಿದ್ದ 5.2ರಲ್ಲಿ ಚಿಲ್ಲರೆಗೆ 1.9, ಹ್ಯಾರಿಸ್‌ಗೆ 0.3, ಟ್ರಂಪ್‌ಗೆ 3.0. ಪೈಸೆ ಪೈಸೆ ತಾಳೆ. ಅಂದರೆ ಹ್ಯಾರಿಸ್ ಪಾಲನ್ನು ಸಮೀಕ್ಷೆಯವರು ಬಹುತೇಕ ಸರಿಯಾಗೇ ಹೇಳಿದ್ದರು! ತಪ್ಪಿದ್ದು ಟ್ರಂಪ್ ಪಾಲು. 2020ರಲ್ಲೂ ಹೀಗೇ ಆಗಿತ್ತು. ರಿಯಲ್ ಕ್ಲಿಯರ್ ಪಾಲಿಟಿಕ್ಸ್‌ನ ಕೊನೆಯ ಸರಾಸರಿ ಬೈಡನ್ 51.2, ಟ್ರಂಪ್ 44.0. ಬಂದದ್ದು ಬೈಡನ್ 51.3, ಟ್ರಂಪ್ 46.8. ಬೈಡನ್ ಪಾಲಿನಲ್ಲಿ ಕೂದಲೆಳೆ ವ್ಯತ್ಯಾಸ, ಟ್ರಂಪ್ ಪಾಲಿನಲ್ಲಿ ಸುಮಾರು 3. ಇದಕ್ಕೆ ಕೊನೇ ಗಳಿಗೆಯಲ್ಲಿ ನಿರ್ಧರಿಸಿದವರು ಮಾತ್ರ ಕಾರಣ ಅಲ್ಲ. ಫೋನು ಎತ್ತದವರ ಕಾಟವೂ ಇದೆ. ಅಲ್ಲಿನ ಪ್ಯೂ ಸಂಶೋಧನಾ ಸಂಸ್ಥೆಯೇ ಹೇಳಿಕೊಂಡ ಹಾಗೆ ಅವರ ಫೋನ್ ಸಮೀಕ್ಷೆಗೆ ಉತ್ತರಿಸುವವರು 1997ರಲ್ಲಿ ನೂರಕ್ಕೆ 36 ಇದ್ದದ್ದು 2018ರಲ್ಲಿ 6ಕ್ಕೆ ಇಳಿದಿತ್ತು. ಟ್ರಂಪ್ ಕಡೆಯ ಕೆಲವರು ಸಮೀಕ್ಷೆಯವರ ಕೈಗೇ ಸಿಗುವುದಿಲ್ಲ. ಕೌಂಟರಿಗೆ ಬಾರದ ಗಿರಾಕಿಯ ಹಣ ನಾನು ಹೇಗೆ ಎಣಿಸಲಿ?

ನಿಮ್ಮ ಲೇಖಕರು ಎಡವಿದ್ದು ಇಲ್ಲೇ. "ಯಾರು ಗೆಲ್ಲುತ್ತಾರೆ" ಮತ್ತು "ಎಷ್ಟು ವೋಟು ಬರುತ್ತದೆ" ಎರಡನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದ್ದಾರೆ. ಗೆಲುವಿನ ಭವಿಷ್ಯ ತಪ್ಪಬಹುದು, ವೋಟಿನ ಅಂದಾಜು ಹೆಚ್ಚುಕಮ್ಮಿ ಸರಿ ಇರಬಹುದು. 2016ರಲ್ಲಿ ಹಿಲರಿ ಕ್ಲಿಂಟನ್ ಗೆಲ್ಲುವ ಸಾಧ್ಯತೆ ಶೇ 71 ಎಂದು ನೇಟ್ ಸಿಲ್ವರ್ ಅವರ ಫೈವ್‌ಥರ್ಟಿಎಯ್ಟ್ ಹೇಳಿತ್ತು. ನ್ಯೂಯಾರ್ಕ್ ಟೈಮ್ಸ್ ಶೇ 85 ಅಂದಿತ್ತು. ಆಗ ನಾನು ಓದುತ್ತಿದ್ದ ಒಂದು ಪತ್ರಿಕೆಯಲ್ಲಿ (ನಿಮ್ಮದಲ್ಲ, ಗಾಬರಿ ಬೇಡ) "ಹಿಲರಿಗೆ ಶೇ 71 ಜನರ ಬೆಂಬಲ" ಎಂದು ತಲೆಬರಹ ಬಂತು. ಶೇ 71! ರೂಸ್‌ವೆಲ್ಟ್‌ಗೂ ಬರಲಿಲ್ಲ ಅಷ್ಟು. ಕ್ರಿಕೆಟ್ ನೋಡುವಾಗ ಟಿವಿ ಕೆಳಗೆ ಭಾರತ ಗೆಲ್ಲುವ ಸಾಧ್ಯತೆ 90 ಅಂತ ತೋರಿಸುತ್ತಾರೆ. ನೂರಕ್ಕೆ 90 ರನ್ ನಾವೇ ಹೊಡೆಯುತ್ತೇವೆ ಅಂತ ಅದರ ಅರ್ಥವೇ? ಅದೇ ತಾಣ ಹಿಲರಿಗೆ ಅಂದಾಜು ಮಾಡಿದ್ದ ವೋಟಿನ ಪಾಲು 48.5. ಬಂದದ್ದು 48.2. ಎಷ್ಟು ಹತ್ತಿರ ನೋಡಿ! ಆ ಅಂಕಿಯನ್ನು ನಮ್ಮ ಕಡೆ ಪತ್ರಿಕೆಗಳಲ್ಲಿ ನಾನು ಕಂಡ ನೆನಪಿಲ್ಲ. ಹಿಲರಿಗೆ ಟ್ರಂಪ್‌ಗಿಂತ 28 ಲಕ್ಷಕ್ಕೂ ಹೆಚ್ಚು ವೋಟು ಬಂದಿತ್ತು, ಆದರೂ ಸೋತರು, ಏಕೆಂದರೆ ಅಲ್ಲಿ ರಾಜ್ಯವಾರು ಎಲೆಕ್ಟರ್‌ಗಳ, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ಲೆಕ್ಕ.

ವೋಟು ಬೇರೆ, ಗೆಲುವು ಬೇರೆ ಅನ್ನುವುದು ನಮಗೆ ಅರ್ಥವಾಗದ ವಿಷಯವೇನಲ್ಲ. ನಮ್ಮ ವಿಧಾನಸಭೆಯನ್ನೇ ತೆಗೆದುಕೊಳ್ಳಿ. 2018ರಲ್ಲಿ ಬಿಜೆಪಿಗೆ ಸುಮಾರು ಶೇ 36 ವೋಟು, 104 ಸೀಟು. ಕಾಂಗ್ರೆಸ್‌ಗೆ ಅದಕ್ಕಿಂತ ಜಾಸ್ತಿ, ಸುಮಾರು ಶೇ 38, ಆದರೆ 80 ಸೀಟು. 2023ರಲ್ಲಿ ಬಿಜೆಪಿಗೆ ಮತ್ತೆ ಶೇ 36, ಸೀಟು 66ಕ್ಕೆ ಕುಸಿಯಿತು. ಟಿವಿಯಲ್ಲಿ ಬಿಜೆಪಿ ನೆಲಕಚ್ಚಿತು ಅಂದರು. ವೋಟು ಎಲ್ಲೂ ಹೋಗಿರಲಿಲ್ಲ, ಇದ್ದಲ್ಲೇ ಇತ್ತು. ಜೆಡಿಎಸ್‌ನದು ಶೇ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್‌ನದು 43ರ ಹತ್ತಿರಕ್ಕೆ ಏರಿತು. ಇಷ್ಟನ್ನು ಬಾಯಿಪಾಠ ಹೇಳುವ ನಮ್ಮ ಮೇಷ್ಟ್ರೇ ಅಮೆರಿಕದ ವಿಷಯ ಬಂದಾಗ ಒಂದು ರಾಜ್ಯದ ಒಂದು ಸಮೀಕ್ಷೆ ನೋಡಿ 51 ಬರೆದುಬಿಟ್ಟರು. ದೂರದ ಬೆಟ್ಟ ಅಲ್ವಾ.

ಇನ್ನು ದೋಸೆ ವಿಷಯ. ನಮ್ಮಲ್ಲಿ ನವೆಂಬರ್ 6ರ ಸಂಜೆ ನಾಲ್ಕರ ಹೊತ್ತಿಗೆ ಟ್ರಂಪ್ ಗೆದ್ದರು ಅಂತ ಖಚಿತವಾಯಿತು. ಮಾರನೇ ದಿನದ ಪೇಪರುಗಳಲ್ಲಿ ಟ್ರಂಪ್ 51, ಹ್ಯಾರಿಸ್ 47.5. ಕೆರೆ ಏರಿ ಮೇಲೆ ಮಾತ್ರೆ ಡಬ್ಬಿ ಬಿಚ್ಚಿದೆವು. ಮಿಲ್ಲಿನವರ 47ಕ್ಕೆ ಅರ್ಧ ಅಂಶ ವ್ಯತ್ಯಾಸ, ನನ್ನ 48.5ಕ್ಕೆ ಒಂದು. ಅವರೇ ಗೆದ್ದರು. ನಾಲ್ಕು ದಿನ ಬೆಣ್ಣೆದೋಸೆ ತಿಂದರು, ಪ್ರತಿ ದಿನ ಮೇಲೊಂದು ಬೆಣ್ಣೆ ಉಂಡೆ ಹೆಚ್ಚಿಗೆ ಹಾಕಿಸಿಕೊಂಡರು, ಅದೂ ನಮ್ಮ ಲೆಕ್ಕಕ್ಕೆ. ನನ್ನ ಸರದಿ ಎರಡನೇ ದಿನ ಬಂತು.

ಆದರೆ ಅಲ್ಲಿ ಎಣಿಕೆ ಮುಗಿದಿರಲೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿಸಿದ ಪ್ರತಿ ಮತದಾರನ ಮನೆಗೂ ಅಂಚೆಯಲ್ಲಿ ಮತಪತ್ರ ಬರುತ್ತದೆ. ಮತದಾನದ ದಿನ ಅಂಚೆ ಮುದ್ರೆ ಬಿದ್ದಿದ್ದರೆ ಒಂದು ವಾರ ತಡವಾಗಿ ತಲುಪಿದರೂ ನಡೆಯುತ್ತದೆ. ಪ್ರತಿ ಲಕೋಟೆಯ ಮೇಲಿನ ಸಹಿಯನ್ನು ಕಡತದ ಸಹಿ ಜೊತೆ ತಾಳೆ ನೋಡುತ್ತಾರೆ. (ಚೆಕ್ಕಿನ ಸಹಿ ನೋಡಿ ನೋಡಿ ಕಣ್ಣು ಮಂಜಾದ ನನಗೆ ಅದರ ಕಷ್ಟ ಗೊತ್ತು.) ಕೆಇಬಿಯವರ ಮಗ ಮತದಾನದ ದಿನ ಸಂಜೆ ಆಫೀಸು ಮುಗಿಸಿ ಬರುವಾಗ ಲಕೋಟೆಯನ್ನು ಬೀದಿಬದಿಯ ಪೆಟ್ಟಿಗೆಗೆ ಹಾಕಿದ್ದನಂತೆ. ನಿಮ್ಮ ಮತ ಎಣಿಸಿದೆ ಎಂದು ಅವನ ಮೊಬೈಲಿಗೆ ಸಂದೇಶ ಬಂದದ್ದು ಒಂದು ವಾರ ಕಳೆದ ಮೇಲೆ. ಅವನ ವೋಟು ಎಣಿಸುವ ಮೊದಲೇ ಇಲ್ಲಿ ಅವನ ಅಪ್ಪ ದೋಸೆ ದುಡ್ಡು ಕೊಟ್ಟು ಮುಗಿದಿತ್ತು! ಅಂಥ ಲಕ್ಷಾಂತರ ಲಕೋಟೆ, ಅದರಲ್ಲಿ ಜಾಸ್ತಿ ಹ್ಯಾರಿಸ್‌ಗೆ. ದಿನ ಕಳೆದ ಹಾಗೆ ಟ್ರಂಪ್ 50ರ ಕೆಳಗೆ ಇಳಿದರು, ಹ್ಯಾರಿಸ್ 48 ದಾಟಿದರು. ಡಿಸೆಂಬರ್ ಹೊತ್ತಿಗೆ ಲೆಕ್ಕ ಮುಗಿದಾಗ ಟ್ರಂಪ್‌ಗೆ ಸುಮಾರು 7 ಕೋಟಿ 73 ಲಕ್ಷ, ಹ್ಯಾರಿಸ್‌ಗೆ 7 ಕೋಟಿ 50 ಲಕ್ಷ. ಮೊದಲ ದಿನ ಮೂರೂವರೆ ಅಂಶ ಇದ್ದ ಅಂತರ ಒಂದೂವರೆಗೆ ಬಂತು.

ಇದೇನು ಹೊಸದಲ್ಲ. 2012ರಲ್ಲಿ ರಾಮ್ನಿಯವರಿಗೆ ಮೊದಲ ರಾತ್ರಿ 48 ತೋರಿಸುತ್ತಿತ್ತು, ಕೊನೆಗೆ 47.2ಕ್ಕೆ ಬಂದು ನಿಂತಿತು. ಆ ವರ್ಷವೇ ಅವರು ದೇಣಿಗೆ ಕೊಡುವವರ ಒಂದು ಕೂಟದಲ್ಲಿ ದೇಶದ ಶೇ 47 ಜನ ಸರ್ಕಾರದ ಮೇಲೇ ಬದುಕುವವರು, ಅವರು ಹೇಗಿದ್ದರೂ ಒಬಾಮಾಗೇ ವೋಟು ಹಾಕುತ್ತಾರೆ ಎಂಬರ್ಥದಲ್ಲಿ ಮಾತಾಡಿ, ಅದು ಹೊರಗೆ ಬಂದು ರಾದ್ಧಾಂತವಾಗಿತ್ತು. ಕಡೆಗೆ ಅವರ ಕೈಗೆ ಬಂದದ್ದೂ ಅದೇ 47. ಇದನ್ನು ಹೇಳಿದರೆ ಮಿಲ್ಲಿನವರು ಬಿದ್ದು ಬಿದ್ದು ನಗುತ್ತಾರೆ, ದೋಸೆ ಮಾತ್ರ ವಾಪಸ್ ಕೊಡುವುದಿಲ್ಲ.

ಡಿಸೆಂಬರ್‌ನಲ್ಲಿ ನಾನು ಹೊಸ ಅಂಕಿ ಬರೆದುಕೊಂಡು ಹೋಗಿ ಓದಿದೆ. 48.3ಕ್ಕೆ ನನ್ನ ಚೀಟಿ 0.2 ದೂರ, ಅವರದು 1.3. "ಎಲ್ಲಿ ಬಂದೈತ್ರೀ ಇದು?" ಅಂದರು. ಮೊಬೈಲಿನಲ್ಲಿ ತೋರಿಸಿದೆ. "ಪೇಪರ್‍ನಾಗ ಬಂದದ್ದು ಅಂತ ನೀವೇ ಅಂದಿದ್ರಲ್ಲ, ತೋರ್ಸ್ರಿ" ಅಂದರು. ಹುಡುಕಿದೆ. ನಾನು ನೋಡಿದ ಒಂದು ಪೇಪರಿನಲ್ಲೂ ಅಂತಿಮ ಅಂಕಿ ಸಿಗಲಿಲ್ಲ. ಫಲಿತಾಂಶದ ಮಾರನೇ ದಿನ ಪುಟಗಟ್ಟಲೆ, ಆಮೇಲೆ ಸದ್ದಿಲ್ಲ. ಅವರು ಕತ್ತರಿಸಿ ಇಟ್ಟುಕೊಂಡ ನವೆಂಬರ್ 7ರ ತುಣುಕು ಈಗಲೂ ಅವರ ಪರ್ಸಿನಲ್ಲಿದೆ, ಮಡಿಕೆಯಲ್ಲಿ ಹರಿದಿದೆ, ಟೇಪು ಅಂಟಿಸಿದ್ದಾರೆ. ಕಳೆದ ಭಾನುವಾರ ನಿಮ್ಮ ಪುರವಣಿ ಬಂದ ಮೇಲೆ ಕೇಳಬೇಕೇ? ಬೆಳಗ್ಗೆ ಆರಕ್ಕೇ ಬಂದು ಏರಿ ಮೇಲೆ ಕಾಯುತ್ತಿದ್ದರು. "ನೋಡ್ರಿ, ಈಗಲೂ ಐವತ್ತೊಂದು, ನಲವತ್ತೇಳೂವರೆನೇ ಐತಿ!"

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ಮುಂದಿನ ಸಲ ಯಾವ ದೇಶದ ಚುನಾವಣೆಯೇ ಇರಲಿ, ಗೆಲ್ಲುವ ಸಾಧ್ಯತೆಯ ಅಂಕಿ ಹಾಕಿದರೆ ಅದು ವೋಟಿನ ಪಾಲಲ್ಲ ಎಂದು ಪಕ್ಕದಲ್ಲೇ ಬರೆಯಿರಿ. ವೋಟಿನ ಪಾಲು ಹಾಕಿದರೆ ಯಾವ ದಿನದ್ದು ಅಂತ ತಾರೀಖು ಹಾಕಿರಿ. ಸಮೀಕ್ಷೆಯ ಅಂಕಿ ಕೂಡಿದರೆ ನೂರು ಆಗದಿದ್ದಾಗ ಉಳಿದದ್ದು ಎಷ್ಟು ಅಂತಲೂ ಹಾಕಿರಿ, ಓದುವವರು ಅದನ್ನು ತಾವೇ ಹಂಚಿಕೊಳ್ಳುತ್ತಾರೆ, ಅದರಲ್ಲೂ ಒಂದು ಮಜಾ ಇದೆ.

ಮತ್ತೆ ದಯವಿಟ್ಟು ಈ ವಾರ ಎಲ್ಲಾದರೂ ಒಂದು ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿ: ಟ್ರಂಪ್ ಶೇ 49.8, ಹ್ಯಾರಿಸ್ ಶೇ 48.3. ಅಕ್ಷರ ಸ್ವಲ್ಪ ದಪ್ಪ ಇರಲಿ, ಮಿಲ್ಲಿನವರಿಗೆ ಕನ್ನಡಕ ಹಾಕಿಕೊಳ್ಳುವ ಅಭ್ಯಾಸ ಇಲ್ಲ. ಅವರೂ ನಿಮ್ಮದೇ ಪೇಪರು ತರಿಸುತ್ತಾರೆ.

ಇತಿ,
ಒಬ್ಬ ನಿವೃತ್ತ ಕ್ಯಾಶಿಯರ್
ದಾವಣಗೆರೆ